ತುಕ್ಕು ಹಿಡಿದ ತಗಡು: ಎಷ್ಟು ಕತ್ತರಿಸಬೇಕು, ಎಷ್ಟು ಉಳಿಸಬೇಕು?



ಕಳೆದ ಆಯುಧಪೂಜೆಯಂದು ನಮ್ಮ ಮನೆಯ ಮುಂದೆ ಬೂದುಗುಂಬಳ ಒಡೆಸಿಕೊಂಡು, ನಾಲ್ಕು ನಿಂಬೆಹಣ್ಣುಗಳನ್ನು ತುಳಿದು ಹೊರಟ ಹಳೆಯ ಮಾರಿಸ್ ಮೈನರ್ ಕಾರನ್ನು ನಿಮ್ಮಲ್ಲಿ ಹಲವರು ಕಂಡಿದ್ದೀರಿ. ಅಂದಿನಿಂದ ಸಂಘದ ಆರೋಗ್ಯ ತಪಾಸಣಾ ಶಿಬಿರದಲ್ಲಿ ರಕ್ತದೊತ್ತಡ ನೋಡಲು ಕುಳಿತರೂ ನಮಗೆ ಎದುರಾಗುವ ಪ್ರಶ್ನೆಗಳು ಕಾರಿನವೇ. ಒಬ್ಬರ ಮನೆಯಲ್ಲಿ ಮಾವನವರು ಬಿಟ್ಟುಹೋದ ವೋಲ್ವೋ ಇದೆ. ಇನ್ನೊಬ್ಬರು 1985ರಲ್ಲಿ ಹೊರಬಂದ ಮೊದಲ ತಲೆಮಾರಿನ ಪ್ರೋಟಾನ್ ಸಾಗಾವನ್ನು ಮಗನಿಗಾಗಿ ಸಜ್ಜುಗೊಳಿಸಲು ಹೊರಟಿದ್ದಾರೆ. ಎಲ್ಲರ ಪ್ರಶ್ನೆಯೂ ಒಂದೇ: ತುಕ್ಕು ಹಿಡಿದ ತಗಡನ್ನೆಲ್ಲ ಕಿತ್ತು ಹೊಸದನ್ನು ಹಾಕಿಸಬೇಕೆ, ಅಥವಾ ತೇಪೆ ಹಚ್ಚಿ ಬಣ್ಣ ಬಳಿಸಿದರೆ ಸಾಕೆ? ನಾವು ಓದಿದ್ದು ಎಂ.ಬಿ.ಬಿ.ಎಸ್., ಟಿಂಕರಿಂಗ್ ಅಲ್ಲ. ಆದರೂ ಈ ಒಂದು ಕಾರಿನ ನೆಪದಲ್ಲಿ ಎರಡು ವರ್ಷ ಪಟ್ಟ ಪಾಡು ನಮ್ಮಲ್ಲಿ ಒಂದು ಖಚಿತವಾದ ಅಭಿಪ್ರಾಯವನ್ನು ಮೂಡಿಸಿದೆ. ಅದನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಕೊಳೆತ ತಗಡನ್ನು ಪೂರ್ತಿಯಾಗಿ ತೆಗೆಯಬೇಕು. ಕೊಳೆಯದ ತಗಡನ್ನು ಮುಟ್ಟಬಾರದು. ಇದು ನಮ್ಮ ಅಭಿಪ್ರಾಯ. ಮಾತು ಸರಳವಾಗಿ ಕಂಡರೂ ಅದರ ಎರಡು ಭಾಗಗಳನ್ನೂ ಒಟ್ಟಿಗೆ ಪಾಲಿಸುವವರು ವಿರಳ. ಕೈಯಲ್ಲಿ ಹಣ ಕಡಿಮೆ ಇದ್ದವರು ಮೊದಲ ಭಾಗವನ್ನು ಮರೆಯುತ್ತಾರೆ, ಹೆಚ್ಚಿದ್ದವರು ಎರಡನೆಯದನ್ನು.

ಈ ಕಾರು ಮೂಲತಃ ನಮ್ಮದಲ್ಲ. ಪುತ್ತೂರಿನ ಕಡೆಯಿಂದ ಬಂದು, ಪೆರಾಕ್ ರಾಜ್ಯದ ಈಪೋ ಸುತ್ತಮುತ್ತಲ ಚಿಕಿತ್ಸಾಲಯಗಳಲ್ಲಿ ದಶಕಗಳ ಕಾಲ ಸೇವೆ ಸಲ್ಲಿಸಿದ ಹಿರಿಯ ವೈದ್ಯರೊಬ್ಬರದು. 1963ರ ಮಾದರಿ, ನಾಲ್ಕು ಬಾಗಿಲು, 1098 ಸಿಸಿಯ ಎಂಜಿನ್. ರಬ್ಬರ್ ತೋಟಗಳ ಲೈನ್ ಮನೆಗಳಿಗೆ ಹೆರಿಗೆ ಮಾಡಿಸಲು ರಾತ್ರಿ ಹೊತ್ತು ಇದರಲ್ಲೇ ಹೋಗುತ್ತಿದ್ದೆ ಎಂದು ಅವರು ಹೇಳುತ್ತಿರುತ್ತಾರೆ. ಕಣ್ಣು ಮಂಜಾಗಿ ಕಾರು ಓಡಿಸುವುದನ್ನು ನಿಲ್ಲಿಸಿದಾಗ, ಮಾರುವ ಮನಸ್ಸಿಲ್ಲದೆ ನಮ್ಮ ಕೈಗೆ ಕೀಲಿಕೈ ಇಟ್ಟು, "ಓಡುತ್ತಾ ಇರಬೇಕು ಮಾರಾಯ್ರೆ, ಶೋಕೇಸಿಗೆ ಹಾಕಬೇಡಿ" ಎಂದರು.

ಊರಿನ ನೆನಪುಳ್ಳವರಿಗೆ ಈ ಕಾರಿನ ಬಂಧುಬಳಗ ಗೊತ್ತೇ ಇದೆ. ಅಲೆಕ್ ಇಸಿಗೋನಿಸ್ ವಿನ್ಯಾಸಗೊಳಿಸಿದ ಮಾರಿಸ್ ಮೈನರ್ 1948ರಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ಮೊದಲಿಗೆ ಕಾಣಿಸಿಕೊಂಡಿತು. ಹತ್ತು ಲಕ್ಷದ ಸಂಖ್ಯೆಯನ್ನು ದಾಟಿದ ಮೊದಲ ಬ್ರಿಟಿಷ್ ಕಾರು ಇದೇ. ಅದರ ಆರಂಭದ ಮಾದರಿ ನಮ್ಮ ದೇಶದಲ್ಲಿ ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಿಂದ ತಯಾರಾಯಿತು. ಅದೇ ಮನೆತನದ ದೊಡ್ಡ ಕಾರಾದ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯೇ ನಮ್ಮ ಅಂಬಾಸಡರ್. ಹಾಗಾಗಿ ಮೈನರಿನ ಬಾನೆಟ್ಟಿನ ಉಬ್ಬನ್ನು ಕಂಡಾಗ ನಮ್ಮವರಿಗೆ ಏನೋ ಪರಿಚಿತವೆನಿಸುವುದು ಸಹಜ.

ಕಾರು ನಮ್ಮ ಮನೆಗೆ ಬಂದ ವರ್ಷ ನಾವು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇವೆ. ಹೆಸರು ಬೇಡ, ಒಂದು ಬೆಂಗ್ಕೆಲ್‌ಗೆ ಒಪ್ಪಿಸಿದೆವು. ಮೂರೇ ವಾರಗಳಲ್ಲಿ ಕನ್ನಡಿಯಂತೆ ಹೊಳೆಯುವ ಬಣ್ಣದೊಂದಿಗೆ ಕಾರು ಮರಳಿತು. ಬೆಲೆಯೂ ಕಡಿಮೆ, ನಾವು ಬಹಳ ಜಾಣತನ ಮಾಡಿದೆವೆಂದು ಬೀಗಿದೆವು. ಎರಡನೆಯ ವರ್ಷ ಬಾಗಿಲುಗಳ ಕೆಳಗೆ ಬಣ್ಣದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಎದ್ದವು. ಒಂದು ದಿನ ಚಕ್ರ ಪಂಕ್ಚರ್ ಆಗಿ ಜಾಕ್ ಹಚ್ಚಿದಾಗ ಜಾಕ್ ಏರಿತು, ಕಾರು ಏರಲಿಲ್ಲ. ಹಪ್ಪಳ ಮುರಿದಂಥ ಸದ್ದಿನೊಂದಿಗೆ ಜಾಕಿನ ತುದಿ ಬಾಗಿಲ ಕೆಳಗಿನ ತಗಡಿನೊಳಕ್ಕೆ ಇಳಿದುಹೋಯಿತು. ಪುಟ್ಟಿಯ ಹೆಂಟೆಗಳ ಜೊತೆಗೆ ಹೊರಬಿದ್ದದ್ದು ಕೋಳಿಗೂಡಿನ ಜಾಲರಿ ಮತ್ತು ಉಂಡೆ ಕಟ್ಟಿದ ಚೀನೀ ವೃತ್ತಪತ್ರಿಕೆ. ಅದಕ್ಕೆ ಹಿಂದಿನ ವಾರವಷ್ಟೇ ಮಕ್ಕಳಿಬ್ಬರನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಈಪೋವರೆಗೆ ಹೋಗಿ ಬಂದಿದ್ದೆವು.

ಆ ಸಂಜೆ ನಮಗಾದ ಭಯಕ್ಕೆ ಕಾರಣವಿದೆ. ಲಾರಿಗಳಿಗಿರುವಂತೆ ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ; ತಗಡಿನ ಒಡಲೇ ಅದರ ಅಸ್ಥಿಪಂಜರ. ಊರಿನ ಟಿಂಕರುಗಳು ರನ್ನಿಂಗ್ ಬೋರ್ಡ್ ಎಂದು ಕರೆಯುವ, ಬಾಗಿಲುಗಳ ಕೆಳಗೆ ಉದ್ದಕ್ಕೂ ಹರಿಯುವ ಪೆಟ್ಟಿಗೆಯಾಕಾರದ ಸಿಲ್, ನೆಲದ ಅಡ್ಡತೊಲೆ, ಹಿಂಬದಿಯ ಪ್ಲೇಟ್ ಸ್ಪ್ರಿಂಗುಗಳು ತಗಲಿಕೊಂಡಿರುವ ಕೊಂಡಿಯ ಜಾಗ: ಕಾರಿನ ಭಾರವನ್ನು ಹೊರುವುದು ಇವೇ. ಮುಂದಿನ ಹಾಗೂ ಹಿಂದಿನ ಮಡ್ಗಾರ್ಡುಗಳಾದರೋ ಬೋಲ್ಟುಗಳಿಂದ ಬಿಗಿದ ಹೊದಿಕೆ ಮಾತ್ರ. ಬಿಚ್ಚಿ ಪಕ್ಕಕ್ಕಿಟ್ಟರೂ ಒಡಲಿನ ಗಟ್ಟಿತನ ಹಾಗೆಯೇ ಉಳಿಯುತ್ತದೆ. ನಮ್ಮ ಜನ ನೋಡುವುದು, ಬೆಲೆ ಕಟ್ಟುವುದು, ದುಡ್ಡು ಸುರಿಯುವುದು ಎಲ್ಲವೂ ಮಡ್ಗಾರ್ಡಿಗೆ. ಸಿಲ್ಲಿನೊಳಗೆ ಇಣುಕಿ ನೋಡುವವರಿಲ್ಲ.

ತುಕ್ಕು ಒಳಗಿನಿಂದ ಹೊರಕ್ಕೆ ಬರುವ ರೋಗ. ಇಂಗ್ಲೆಂಡಿನಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಕಾರುಗಳನ್ನು ತಿನ್ನುತ್ತದೆ. ಇಲ್ಲಿ ಆ ಉಪ್ಪಿಲ್ಲ, ಆದರೆ ಒಣಗುವ ಕಾಲವೂ ಇಲ್ಲ. ನಮ್ಮ ಕರಾವಳಿಯಲ್ಲಿ ನಾಲ್ಕು ತಿಂಗಳು ಸುರಿದ ಮಳೆ ಆಮೇಲೆ ಬಿಸಿಲಿಗೆ ಎಡೆ ಕೊಡುತ್ತದೆ. ಕ್ವಾಲಾಲಂಪುರದಲ್ಲಿ ವರ್ಷವಿಡೀ ಮಳೆ, ಗಾಳಿಯ ತೇವಾಂಶ ಸರಾಸರಿ ಶೇಕಡಾ 80ರ ಆಸುಪಾಸು. ಕ್ಲಾಂಗ್, ಪೆನಾಂಗ್‌ಗಳಲ್ಲಿ ಕಡಲ ಗಾಳಿಯ ಉಪ್ಪೂ ಸೇರುತ್ತದೆ. ಬಾಗಿಲಿನ ಗಾಜಿನ ಸಂದಿಯಿಂದ ಇಳಿದ ನೀರು ಕೆಳಗಿನ ಕಿಂಡಿಗಳಿಂದ ಹರಿದುಹೋಗಬೇಕು. ಕಿಂಡಿಗಳಲ್ಲಿ ಕಸ ತುಂಬಿದರೆ ಅದು ಪೆಟ್ಟಿಗೆಯೊಳಗೇ ನಿಲ್ಲುತ್ತದೆ. ಎರಡು ತಗಡುಗಳು ಒಂದರ ಮೇಲೊಂದು ಕೂಡಿದ ಕಡೆ ಸೇರಿದ ತೇವ ಒಣಗುವುದೇ ಇಲ್ಲ. ಕಬ್ಬಿಣ ತುಕ್ಕಾಗುವಾಗ ಹಲವು ಪಟ್ಟು ಉಬ್ಬುತ್ತದೆ. ಆ ಉಬ್ಬು ಕೂಡುಗೆರೆಯನ್ನೇ ಬಿಡಿಸಿ, ಇನ್ನಷ್ಟು ನೀರಿಗೆ ದಾರಿ ಮಾಡಿಕೊಡುತ್ತದೆ. ಇದರ ಮೇಲೆ ಪುಟ್ಟಿ ಮೆತ್ತಿದರೆ ಏನಾದೀತು? ಪುಟ್ಟಿ ತಾನೇ ತೇವವನ್ನು ಹೀರುವ ವಸ್ತು. ಒದ್ದೆ ಬಟ್ಟೆಯನ್ನು ಹುಣ್ಣಿನ ಮೇಲೆ ಕಟ್ಟಿಟ್ಟಂತೆ. ಪುಟ್ಟಿಯನ್ನು ನಾವು ಪೂರ್ತಿ ದೂಷಿಸುವುದಿಲ್ಲ. ಗಟ್ಟಿಯಾದ, ಶುದ್ಧವಾದ ತಗಡಿನ ಮೇಲಿನ ಸಣ್ಣ ತಗ್ಗನ್ನು ಸಮಮಾಡಲು ತೆಳುವಾಗಿ ಬಳಸುವುದು ಸರಿಯೇ. ತೂತನ್ನು ಮುಚ್ಚಲು ಬಳಸುವುದು ಮೋಸ.

ಹುಣ್ಣಿನ ಮಾತು ಬಂದದ್ದರಿಂದ ಹೇಳುತ್ತೇವೆ. ಮಧುಮೇಹಿಗಳ ಕಾಲಿನ ಹುಣ್ಣಿಗೆ ಡಿಬ್ರೈಡ್‌ಮೆಂಟ್ ಮಾಡುವುದನ್ನು ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ನಮಗೆ ಕಲಿಸಿದವರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ರಕ್ತ ಜಿನುಗುವ ಜೀವಂತ ಮಾಂಸ ಸಿಗುವವರೆಗೆ ಹೋಗಿ, ಸಿಕ್ಕ ಮೇಲೆ ನಿಲ್ಲಿ. ಸತ್ತದ್ದನ್ನು ಒಳಗೆ ಬಿಟ್ಟು ಹೊಲಿದರೆ ಕಾಲೇ ಹೋಗುತ್ತದೆ. ಉತ್ಸಾಹದಲ್ಲಿ ಜೀವಂತವಾದದ್ದನ್ನೂ ಕೊಯ್ದರೆ ನಡೆಯಲು ಪಾದವೇ ಉಳಿಯುವುದಿಲ್ಲ. ನಮ್ಮ ಕಾರನ್ನು ಕೊನೆಗೆ ಕೈಗೆತ್ತಿಕೊಂಡ ಕ್ಲಾಂಗಿನ ವೃದ್ಧ ಚೀನೀ ಮೇಸ್ತ್ರಿಯವರು (ಇಲ್ಲಿಯ ವಾಡಿಕೆಯಂತೆ ನಾವೂ ಅವರನ್ನು ಅಂಕಲ್ ಎನ್ನುತ್ತೇವೆ) ಯಾವ ವೈದ್ಯಶಾಸ್ತ್ರವನ್ನೂ ಓದದೆ ಇದನ್ನೇ ಮಾಡಿದರು. ಬಣ್ಣವನ್ನು ಕೆರೆದು, ಮೊನಚಾದ ಸುತ್ತಿಗೆಯಿಂದ ಇಂಚಿಂಚಾಗಿ ತಟ್ಟುತ್ತಾ ಬಂದರು. ಗಟ್ಟಿ ತಗಡು ಕಣ್ ಎನ್ನುತ್ತದೆ, ಕೊಳೆತದ್ದು ಬೊದ್ ಎನ್ನುತ್ತದೆ. ಬೊದ್ ಎಂದ ಕಡೆಯೆಲ್ಲ ಸೀಮೆಸುಣ್ಣದ ಗೆರೆ ಎಳೆದರು; ಆ ಗೆರೆಯಿಂದ ಎರಡು ಬೆರಳಿನಷ್ಟು ಆಚೆಗೆ, ಹೊಳೆಯುವ ಕಬ್ಬಿಣ ಕಂಡಲ್ಲಿ ಕತ್ತರಿಸಿದರು. ಆ ಎರಡು ಬೆರಳಿನ ಅಂತರವೇ ಅವರ ಇಡೀ ವಿದ್ಯೆ ಎಂದು ನಮಗನ್ನಿಸಿತು. ತೆಳ್ಳಗಾದ ತಗಡಿಗೆ ಬೆಸುಗೆ ಹಾಕಹೋದರೆ ಶಾಖಕ್ಕೆ ತಗಡೇ ತೂತಾಗುತ್ತದೆ, ಇಲ್ಲವೇ ಬೆಸುಗೆಯ ಪಕ್ಕದಲ್ಲೇ ವರ್ಷದೊಳಗೆ ಬಿರಿಯುತ್ತದೆ.

ಎರಡೂ ಬದಿಯ ಸಿಲ್ಲುಗಳನ್ನು ಅವರು ಪೂರ್ತಿಯಾಗಿ ಬದಲಾಯಿಸಿದರು. ಇಲ್ಲಿ ತೇಪೆಯ ಪ್ರಶ್ನೆಯೇ ಇಲ್ಲವೆಂದರು, ನಾವು ಒಪ್ಪಿದೆವು. ಆದರೆ ಕತ್ತರಿಸುವ ಮುನ್ನ ಬಾಗಿಲಿನ ಚೌಕಟ್ಟುಗಳಿಗೆ ಅಡ್ಡಲಾಗಿ ಕಬ್ಬಿಣದ ಚೌಕ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದು, ಒಂದು ಬದಿಯ ಕೆಲಸ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಮುಟ್ಟಲಿಲ್ಲ. ಆಧಾರವಿಲ್ಲದೆ ಸಿಲ್ ತೆಗೆದರೆ ಒಡಲು ನಡುವೆ ಬಾಗುತ್ತದೆ. ಹಾಗೆ ಬಾಗಿದ ಮೇಲೆ ಹೊಸ ಸಿಲ್ ಬೆಸೆದರೆ ಆ ಬಾಗು ಶಾಶ್ವತ, ಬಾಗಿಲು ಎಂದಿಗೂ ಸರಿಯಾಗಿ ಮುಚ್ಚಿಕೊಳ್ಳದು. ಬೆಸುಗೆಯನ್ನೂ ಒಂದೇ ಸಮನೆ ಎಳೆಯದೆ ಇಲ್ಲೊಂದು, ಅಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಮತ್ತೆ ನಡುವೆ ತುಂಬುತ್ತಾ ಹೋದರು. ನೋಡುವವರಿಗೆ ಬೇಸರ ತರಿಸುವ ಕೆಲಸ. ಅವಸರ ಮಾಡಿದರೆ ತಗಡು ಶಾಖಕ್ಕೆ ಸೊಟ್ಟಗಾಗಿ ಅಲೆಅಲೆಯಾಗುತ್ತದೆಯಂತೆ. ಬ್ಯಾಟರಿಯನ್ನೂ ಡಿಕ್ಕಿಯ ಕೆಳಗಿರುವ ಪೆಟ್ರೋಲ್ ಟ್ಯಾಂಕನ್ನೂ ಮೊದಲೇ ಕಳಚಿ ಹೊರಗಿಟ್ಟಿದ್ದರು; ಹಾಗೆ ಮಾಡದೆ ಬೆಸುಗೆ ಯಂತ್ರ ಹೊತ್ತಿಸುವವರ ಬಳಿ ಕಾರನ್ನಷ್ಟೇ ಅಲ್ಲ, ತಮ್ಮನ್ನೂ ಬಿಡಬೇಡಿ.

ಇನ್ನು ಎರಡನೆಯ ಗುಂಪಿನ ಮಾತು. ಹಣವುಳ್ಳವರಲ್ಲಿ ಈಗ ಒಂದು ಗೀಳು ಹಬ್ಬಿದೆ: ಹಳೆಯ ಕಾರಿನ ಪ್ರತಿಯೊಂದು ತಗಡನ್ನೂ ಕಿತ್ತು, ಇಂಗ್ಲೆಂಡಿನಿಂದ ಹೊಸದನ್ನು ತರಿಸಿ ಜೋಡಿಸುವುದು. ಎಂಜಿಬಿ, ಮಿನಿಯಂಥ ಕಾರುಗಳಿಗೆ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಇಡೀ ಒಡಲನ್ನೇ ಹೊಸದಾಗಿ ಒತ್ತಿ ಕೊಡುತ್ತದೆ. ತೀರಾ ಕೊಳೆತ ಕಾರಿಗೆ ಅದು ಪುನರ್ಜನ್ಮ, ಸಂತೋಷ. ಆದರೆ ಗಟ್ಟಿಯಾಗಿರುವ ಬಾಗಿಲನ್ನು, ಎರಡು ಕಡೆ ಮಾತ್ರ ತುಕ್ಕು ಕಂಡ ಮಡ್ಗಾರ್ಡನ್ನು ಗುಜರಿಗೆ ಎಸೆದು ಹೊಸದನ್ನು ತರಿಸುವುದೇಕೆ? ಕಾರ್ಖಾನೆಯಲ್ಲಿ ಒಂದರ ಜೊತೆ ಒಂದು ಕೂಡಿ ಬಂದ ಬಾಗಿಲು ಮತ್ತು ಚೌಕಟ್ಟು ಅರುವತ್ತು ವರ್ಷಗಳಲ್ಲಿ ಪರಸ್ಪರ ಹೊಂದಿಕೊಂಡಿರುತ್ತವೆ. ಹೊರಗಿನಿಂದ ಬಂದ ಹೊಸ ತಗಡು ಹಾಗೆಯೇ ಹೊಂದುವುದು ಅಪರೂಪ. ಎಳೆದು, ತಟ್ಟಿ, ಕೊನೆಗೆ ಅಂತರ ತುಂಬಲು ಅದೇ ಪುಟ್ಟಿ. ನಮ್ಮ ಪರಿಚಯದವರೊಬ್ಬರು ಹೀಗೆ ಖರ್ಚು ಮಾಡಿ ಮುಗಿಸಿದಾಗ ಅವರ ತಂದೆಯ ಕಾರಿನಲ್ಲಿ ತಂದೆಯ ಕಾಲದ್ದೆಂದು ಉಳಿದದ್ದು ನಂಬರ್ ಪ್ಲೇಟ್ ಮತ್ತು ಛಾವಣಿ.

ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ 2013ರಲ್ಲಿ ಪ್ರಕಟಿಸಿದ ಟ್ಯೂರಿನ್ ಸನ್ನದು ಈ ವಿಷಯದಲ್ಲಿ ಓದತಕ್ಕದ್ದು. ಕಟ್ಟಡ, ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ರೂಪುಗೊಂಡ ವೆನಿಸ್ ಸನ್ನದಿನ ತತ್ತ್ವಗಳೇ ಅದಕ್ಕೆ ಆಧಾರ: ಮೂಲ ದ್ರವ್ಯವನ್ನು ಸಾಧ್ಯವಾದಷ್ಟು ಉಳಿಸಿ, ಹೊಸದಾಗಿ ಸೇರಿಸಿದ್ದು ಹೊಸದೆಂದು ಗುರುತಾಗುವಂತಿರಲಿ, ಮಾಡಿದ್ದನ್ನೆಲ್ಲ ದಾಖಲಿಸಿ. ಇದು ಪಾಶ್ಚಾತ್ಯರ ಚಾಳಿಯೆಂದು ಮೂಗುಮುರಿಯಬೇಕಾಗಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಹಳೆಯ ಕಾರುಗಳ ಸಾಲನ್ನು ನೋಡಿ ಬಂದವರು ನಮ್ಮಲ್ಲಿ ಅನೇಕರಿದ್ದಾರೆ. ಅದೇ ಕ್ಷೇತ್ರದ ಧರ್ಮೋತ್ಥಾನ ಟ್ರಸ್ಟ್ ನಾಡಿನ ಹಳೆಯ ದೇಗುಲಗಳ ಜೀರ್ಣೋದ್ಧಾರ ಮಾಡುತ್ತಾ ಬಂದಿದೆ. ಹಳೆಯ ಕಲ್ಲುಗುಡಿಯ ಜೀರ್ಣೋದ್ಧಾರವೆಂದರೆ ಮುರಿದ ತೊಲೆಯ ಜಾಗಕ್ಕೆ ಹೊಸ ತೊಲೆ ಬರುವುದು, ಗಟ್ಟಿಯಾದ ಕಂಬ ಹಾಗೆಯೇ ನಿಲ್ಲುವುದು. ಎಲ್ಲವನ್ನೂ ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿ ಅದನ್ನೇ ಜೀರ್ಣೋದ್ಧಾರವೆಂದ ಊರುಗಳನ್ನೂ ನಾವು ಕಂಡಿದ್ದೇವೆ, ಅದು ಬೇರೆ ಮಾತು.

ನಮ್ಮ ಕಾರಿನಲ್ಲಿ ಈ ತತ್ತ್ವಕ್ಕೆ ನಿಜವಾದ ಪರೀಕ್ಷೆ ಬಂದದ್ದು ಚಾಲಕನ ಕಾಲಡಿಯಲ್ಲಿ. ರಬ್ಬರ್ ಹಾಸನ್ನು ಎತ್ತಿದರೆ ಅಲ್ಲಿ ಅಂಗೈಯಗಲದ ಒಂದು ತೇಪೆ, ಅಡುಗೆ ಎಣ್ಣೆಯ ಡಬ್ಬವನ್ನು ಕತ್ತರಿಸಿ ರಿವೆಟ್ ಹೊಡೆದದ್ದು. ಡಬ್ಬದ ಮೇಲಿನ ಚೀನೀ ಅಕ್ಷರಗಳು ಇನ್ನೂ ಕಾಣುತ್ತಿದ್ದವು. 1970ರ ದಶಕದಲ್ಲಿ ಯಾವುದೋ ತೋಟದ ಕಮ್ಮಾರ ಮಳೆಗಾಲದ ಒಂದು ರಾತ್ರಿ ಅದನ್ನು ಹಾಕಿಕೊಟ್ಟನೆಂದೂ, ಹೆರಿಗೆಗೆ ತಡವಾಗಬಾರದೆಂದು ದುಡ್ಡನ್ನೂ ಕೇಳಲಿಲ್ಲವೆಂದೂ ಹಿರಿಯ ವೈದ್ಯರು ನಮಗೆ ಹಿಂದೆಯೇ ಹೇಳಿದ್ದರು. ಹುಟ್ಟಿದ್ದು ಗಂಡು ಮಗು, ತೂಕ ಎಷ್ಟಿತ್ತು ಎಂಬುದೂ ಅವರಿಗೆ ನೆನಪಿತ್ತು. ಸನ್ನದಿನ ಅಕ್ಷರವನ್ನೇ ಹಿಡಿದರೆ ಈ ತೇಪೆ ಕಾರಿನ ಚರಿತ್ರೆ, ಉಳಿಸಬೇಕು. ಆದರೆ ಅದರ ಸುತ್ತಲ ನೆಲ ಜರಡಿಯಾಗಿತ್ತು. ಬ್ರೇಕ್ ಪೆಡಲ್ಲನ್ನು ಬಲವಾಗಿ ಒತ್ತುವ ಕಾಲಿಗೆ ಆಧಾರವಾಗಬೇಕಾದ ನೆಲ ಅದು. ಎರಡು ವಾರ ನಾವು ನಿರ್ಧರಿಸಲಾರದೆ ಅಂಕಲ್‌ಗೆ ಕೆಲಸ ನಿಲ್ಲಿಸಲು ಹೇಳಿದೆವು. ಕೊನೆಗೆ ಹಿರಿಯರಿಗೇ ದೂರವಾಣಿ ಮಾಡಿ ಕೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೀವು ರೋಗಿಗೆ ಏನು ಹೇಳುತ್ತಿದ್ದಿರೋ ಅದನ್ನೇ ಮಾಡಿ" ಎಂದರು. ತೇಪೆಯನ್ನು ರಿವೆಟ್ ಕಳಚಿ ಇಡಿಯಾಗಿ ತೆಗೆದೆವು, ಸುತ್ತಲಿನ ಕೊಳೆತ ನೆಲವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಿಸಿದೆವು. ಅಂಕಲ್ ಅದರ ಅಂಚಿನಲ್ಲಿ, ಹಾಸಿನಡಿಯಲ್ಲಿ ಮರೆಯಾಗುವಂತೆ, ವರ್ಷವನ್ನು ಚಾಣದಿಂದ ಕೆತ್ತಿದ್ದಾರೆ.

ನಮ್ಮ ವೃತ್ತಿಗೆ ಸಂಬಂಧಿಸಿದ ಕೆಲವು ಮಾತುಗಳನ್ನು ಆಡದಿದ್ದರೆ ಕರ್ತವ್ಯಲೋಪವಾದೀತು. ವಾರಾಂತ್ಯಗಳಲ್ಲಿ ಮನೆಯ ಶೆಡ್ಡಿನಲ್ಲೇ ಉಜ್ಜಾಟಕ್ಕೆ ಇಳಿಯುವ ಉತ್ಸಾಹಿಗಳು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಆ ಕಾಲದ ಅನೇಕ ಕಾರುಗಳ ಕೂಡುಗೆರೆಗಳನ್ನು ಸೀಸ ಬೆರೆತ ಲೋಹದಿಂದ ತುಂಬುತ್ತಿದ್ದರು, ಹಳೆಯ ಬಣ್ಣಗಳಲ್ಲಿಯೂ ಸೀಸವಿರುತ್ತಿತ್ತು. ಗ್ರೈಂಡರ್ ಹಿಡಿದರೆ ಆ ಸೀಸ ಧೂಳಾಗಿ ಉಸಿರಿಗೂ ಬಟ್ಟೆಗೂ ಅಂಟುತ್ತದೆ. ಚಿಕ್ಕ ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ವಿಷ. ಮಕ್ಕಳನ್ನು ಹತ್ತಿರ ಸೇರಿಸಬೇಡಿ, ಆ ಬಟ್ಟೆಯಲ್ಲೇ ಊಟಕ್ಕೆ ಕುಳಿತುಕೊಳ್ಳಬೇಡಿ. ಹಳೆಯ ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರಬಹುದು, ಅದರ ಪುಡಿಯನ್ನು ಊದಬೇಡಿ. ಸತು ಲೇಪಿಸಿದ ತಗಡಿಗೆ ಮುಚ್ಚಿದ ಕೋಣೆಯಲ್ಲಿ ಬೆಸುಗೆ ಹಾಕಿದವರಿಗೆ ರಾತ್ರಿ ಚಳಿಜ್ವರ ಬರುವುದುಂಟು. ಎರಡು ದ್ರವ ಬೆರೆಸಿ ಸಿಂಪಡಿಸುವ ಈಗಿನ ಬಣ್ಣಗಳಲ್ಲಿನ ಐಸೊಸಯನೇಟುಗಳು ಅಸ್ತಮಾ ತರಬಲ್ಲವು. ಬಟ್ಟೆಯ ಮುಖಗವಸು ಅದಕ್ಕೆ ಏನೇನೂ ಸಾಲದು, ಆ ಕೆಲಸವನ್ನು ಬಲ್ಲವರಿಗೆ ಬಿಡುವುದು ಲೇಸು. ತುಕ್ಕು ತಗಡು ಗೀರಿದರೆ ಧನುರ್ವಾಯು ಬರುತ್ತದೆಂದು ನಮ್ಮ ಅಜ್ಜಿಯರು ಹೆದರಿಸುತ್ತಿದ್ದರು. ಅಪರಾಧಿ ತುಕ್ಕಲ್ಲ, ಮಣ್ಣಿನಲ್ಲಿರುವ ರೋಗಾಣು. ಆದರೆ ಕಾರಿನಡಿಯ ತಗಡಿನಲ್ಲಿ ಮಣ್ಣಿಲ್ಲದೆ ಇರುತ್ತದೆಯೇ? ಕೊನೆಯ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ವರ್ಷ ಕಳೆದಿದ್ದರೆ ಮುಂದಿನ ಶಿಬಿರಕ್ಕೆ ಬಂದಾಗ ನಮಗೆ ತಿಳಿಸಿ.

ಈ ದೇಶದಲ್ಲಿ ಖಾಸಗಿ ಕಾರುಗಳನ್ನು ವರ್ಷವರ್ಷವೂ ತಪಾಸಣೆಗೆ ಒಯ್ಯುವ ಕಡ್ಡಾಯವಿಲ್ಲ. 2009ರಲ್ಲಿ 15 ವರ್ಷ ಮೀರಿದ ವಾಹನಗಳಿಗೆ ವಾರ್ಷಿಕ ತಪಾಸಣೆಯನ್ನು ವಿಧಿಸುವ ಪ್ರಸ್ತಾಪ ಬಂದು, ಜನರ ವಿರೋಧದಿಂದ ಬೇಗನೆ ಬಿದ್ದುಹೋಯಿತು. ಆ ವಿರೋಧ ನ್ಯಾಯವಾದದ್ದೇ. ಹಳೆಯ ಕಾರು ಬಹುಪಾಲು ಬಡವರ ಕಾರು. ಆದರೆ ಕೇಳುವವರಿಲ್ಲವೆಂದ ಮೇಲೆ ಸಿಲ್ಲಿನೊಳಗೆ ಏನಿದೆ ಎಂದು ನೋಡುವ ಹೊಣೆ ಕೀಲಿಕೈ ಹಿಡಿದವರದೇ. ಬೆಂಗ್ಕೆಲ್‌ಗೆ ಕಾರು ಒಪ್ಪಿಸುವಾಗ ಒಂದೇ ಷರತ್ತು ಹಾಕಿ: ಬಣ್ಣ ಕೆರೆದ ಬರಿಯ ತಗಡಿನ, ಕತ್ತರಿಸಿದ ಜಾಗದ, ಬೆಸೆದ ಮೇಲಿನ ಛಾಯಾಚಿತ್ರಗಳು ಬೇಕು, ಪುಟ್ಟಿ ಹಚ್ಚುವ ಮುನ್ನ ನಾವೇ ಬಂದು ನೋಡುತ್ತೇವೆ. ನಮ್ಮ ಮೊದಲ ಬೆಂಗ್ಕೆಲ್‌ನಲ್ಲಿ ಈ ಷರತ್ತನ್ನು ಹಾಕಿದ್ದರೆ ಕಾರನ್ನು ಅವರು ಅಂದೇ ಹಿಂದಿರುಗಿಸುತ್ತಿದ್ದರು, ನಮ್ಮ ದುಡ್ಡು ಉಳಿಯುತ್ತಿತ್ತು.

ಈ ಛಾಯಾಚಿತ್ರಗಳು ಊರಿನಲ್ಲಿ ಅಪ್ಪನ ಅಂಬಾಸಡರನ್ನೋ ಫಿಯೆಟ್ಟನ್ನೋ ತಾಡಪಾಲಿನ ಕೆಳಗೆ ಇಟ್ಟು ಬಂದವರಿಗೂ ಬೇಕಾಗುತ್ತವೆ. ಭಾರತ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ, ಚಾಸಿ, ಒಡಲು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನಗಳು ಮಾತ್ರ ವಿಂಟೇಜ್ ಎಂಬ ನೋಂದಣಿಗೆ ಅರ್ಹ. ಕೊಳೆತ ತಗಡಿನ ಜಾಗಕ್ಕೆ ಅದೇ ಆಕಾರದ, ಅದೇ ದಪ್ಪದ ತಗಡನ್ನು ಬೆಸೆದರೆ ಅದು ಮಾರ್ಪಾಡಲ್ಲ, ದುರಸ್ತಿ ಎಂಬುದು ನಮ್ಮ ವಾದ. ಆದರೆ ಆ ವಾದವನ್ನು ಕಚೇರಿಯ ಮೇಜಿನ ಮುಂದೆ ನಿಂತು ಮಂಡಿಸುವವರ ಕೈಯಲ್ಲಿ ಕತ್ತರಿಸುವ ಮುಂಚಿನ ಚಿತ್ರವಿರಬೇಕು.

ಐದು ತಿಂಗಳ ನಂತರ ಕಾರು ಮನೆಗೆ ಬಂತು. ಹೊಸ ಸಿಲ್ಲುಗಳ ಒಳಗೆ ಮೇಣದಂಥ ದ್ರವವನ್ನು ಸಿಂಪಡಿಸಿದ್ದಾರೆ. ಬಿಸಿಲೇರಿದಾಗ ಕಿಂಡಿಗಳಿಂದ ಅದು ತೊಟ್ಟಿಕ್ಕಿ ನಮ್ಮ ಅಂಗಳದಲ್ಲಿ ಕಲೆ ಮಾಡುತ್ತದೆ, ಮನೆಯೊಡತಿಯ ಆಕ್ಷೇಪಣೆ ದಾಖಲಾಗಿದೆ. ಎಡಬದಿಯ ಮುಂದಿನ ಮಡ್ಗಾರ್ಡಿನಲ್ಲಿ ಒಂದು ಹಳೆಯ ತಗ್ಗಿದೆ. ತುಕ್ಕಿಲ್ಲ, ಅದನ್ನು ಹಾಗೆಯೇ ಬಿಟ್ಟಿದ್ದೇವೆ. ಮಕ್ಕಳನ್ನು ಕೂರಿಸಿಕೊಂಡು ಈಗಲೂ ಹೆದ್ದಾರಿಗೆ ಹೋಗುವುದಿಲ್ಲ, ಏಕೆಂದರೆ ತಗಡು ಗಟ್ಟಿಯಾದರೂ ಅದು 1963ರ ಕಾರೇ.

ದೀಪಾವಳಿಗೆ ಹಿರಿಯ ವೈದ್ಯರು ಮಗಳೊಂದಿಗೆ ಬಂದಿದ್ದರು. ಬಣ್ಣದ ಕಡೆ ಕಣ್ಣು ಹಾಯಿಸಲಿಲ್ಲ. ಚಾಲಕನ ಬಾಗಿಲನ್ನು ತೆರೆದು, ಕಷ್ಟಪಟ್ಟು ಬಗ್ಗಿ, ರಬ್ಬರ್ ಹಾಸಿನ ಮೂಲೆಯನ್ನು ಎತ್ತಿದರು. ಹೊಸ ನೆಲವನ್ನು ಬೆರಳ ಗೆಣ್ಣಿನಿಂದ ತಟ್ಟಿ ಸದ್ದನ್ನು ಕೇಳಿದರು. ನಾವು ಡಿಕ್ಕಿಯಿಂದ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಎಣ್ಣೆ ಡಬ್ಬದ ತೇಪೆಯನ್ನು ತಂದುಕೊಟ್ಟೆವು. ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಬ್ರಿಟಿಷರ ತಗಡು ಹೋಯಿತು, ಎಣ್ಣೆ ಡಬ್ಬಕ್ಕೆ ಅಕ್ಷರ ಸಹ ಮಾಸಲಿಲ್ಲ ಮಾರಾಯ್ರೆ" ಎಂದು ನಕ್ಕು, ಜೇಬಿಗೆ ಸೇರಿಸಿಕೊಂಡು ಮನೆಗೆ ಒಯ್ದರು.